ಕೊನೆಯ ಗೇಟಿನ ಮೋನಮ್ಮ

ಕಾಲುವೆಯ ಕೊನೆಯ ಊರಿಗೆ ನೀರು ಅರ್ಧ ಬರುತ್ತದೆ, ಹೆಣ ಪೂರಾ ಬರುತ್ತದೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಹುಣಸಗಿ, ಸುರಪುರ, ಶಹಾಪುರದ ಎರೆಹೊಲಗಳನ್ನು ಗದ್ದೆ ಮಾಡಿದ ಆ ನೀರಿನ ಅನ್ನ ನಿಮ್ಮ ತಾಟಿನಲ್ಲೂ ಬಿದ್ದಿರುತ್ತದೆ. ಅದೇ ನೀರಿಗೆ ಬಟ್ಟೆ ಒಗೆಯಲು ಇಳಿದು ಜಾರಿದವರು, ಎಮ್ಮೆಯ ಮೈ ತೊಳೆಯಲು ಹೋಗಿ ಸೆಳವಿಗೆ ಸಿಕ್ಕವರು, ಬೇಕೆಂದೇ ಹಾರಿದವರು, ಯಾರೋ ನೂಕಿ ಬಿದ್ದವರು, ಎಲ್ಲರೂ ಒಂದೆರಡು ದಿನ ತಳದಲ್ಲಿದ್ದು ಆಮೇಲೆ ತೇಲುತ್ತಾರೆ. ತೇಲಿದವರನ್ನು ಏನು ಮಾಡಬೇಕೆಂಬುದಕ್ಕೆ ದಂಡೆಯ ಊರುಗಳು ಒಂದು ಪದ್ಧತಿ ಮಾಡಿಕೊಂಡಿವೆ. ಯಾರೂ ಡಂಗುರ ಸಾರಿ ಮಾಡಿದ್ದಲ್ಲ, ಯಾರೂ ತಪ್ಪಿಸುವುದೂ ಇಲ್ಲ.

ಗೇಟಿಗೆ ಹೆಣ ಬಂದು ತಗುಲಿದರೆ, ಕಸಕಂಟಿ ಎಳೆಯಲು ಇಟ್ಟ ಕೊಕ್ಕೆಕೋಲು ತರಬೇಕು. ಗೇಟು ಇನ್ನೊಂದಿಷ್ಟು ಎತ್ತಬೇಕು. ಹೆಣವನ್ನು ಮುಂದಿನ ಊರಿನ ನೀರಿಗೆ ದೂಡಬೇಕು. ಮುಖ ಮಾತ್ರ ನೋಡಬಾರದು. ಬೋರಲು ಬಂದದ್ದು ಬೋರಲಾಗಿಯೇ ಹೋಗಲಿ. ಮುಖ ನೋಡಿದವನು ಸಾಕ್ಷಿಯಾಗುತ್ತಾನೆ. ಸಾಕ್ಷಿ ಅಂದರೆ ಪೊಲೀಸು, ಪೊಲೀಸು ಅಂದರೆ ಪಂಚನಾಮೆ, ಪಂಚನಾಮೆ ಮುಗಿಯುವ ತನಕ ನೀರು ಬಂದ್. ಅಷ್ಟರಲ್ಲಿ ನಿನ್ನ ಹೊಲದ ನೀರಿನ ಪಾಳಿ ಮುಗಿದುಹೋಯಿತು. ಇದರ ಮೇಲೆ ಮುದುಕರು ಇನ್ನೊಂದು ಸೇರಿಸಿದರು: ಮುಖ ನೋಡಿದರೆ ಸತ್ತವರು ಬೆನ್ನು ಹತ್ತುತ್ತಾರೆ. ನೀರಿನ ಆಸೆಗೆ ದೆವ್ವದ ಕೌದಿ ಹೊದಿಸಿದ ಮೇಲೆ ಅದು ಹಿರಿಯರ ಸಂಪ್ರದಾಯವಾಯಿತು. ಕಾಲುವೆ ಬಂದದ್ದು ನಿನ್ನೆ ಮೊನ್ನೆ, ಹಿರಿಯರ ಸಂಪ್ರದಾಯ ಎಲ್ಲಿಂದ ಬಂತು ಅಂತ ಕೇಳಿದವರಿಲ್ಲ.

ಜಾಲಿಮಡ್ಡಿ ಇಂಥ ಒಂದು ಉಪಕಾಲುವೆಯ ಕೊನೆಯ ಊರು. ಅದರಾಚೆ ಹಳ್ಳ, ಹಳ್ಳದಾಚೆ ಹೊಳೆ. ನೀರು ಹಳ್ಳಕ್ಕೆ ಬೀಳುವಲ್ಲಿ ಕಾಲುವೆ ಕಟ್ಟಿದವರು ಕಬ್ಬಿಣದ ಸರಳುಗಳ ಜಾಳಿಗೆ ಕೂಡಿಸಿದ್ದರು. ಮೇಲಿನ ಊರುಗಳು ದೂಡಿದ್ದೆಲ್ಲ ಅಲ್ಲಿ ಬಂದು ನಿಲ್ಲುತ್ತಿತ್ತು. ಹತ್ತಿಕಟ್ಟಿಗೆ, ಎಣ್ಣೆಯ ಡಬ್ಬಿ, ಸತ್ತ ನಾಯಿ, ಮನುಷ್ಯ. ಮುಂದೆ ದೂಡಲು ಊರಿಲ್ಲ.

ಅಲ್ಲಿ ಮೋನಮ್ಮ ಇದ್ದಳು.

ಊರಿಗೆ ಅವಳು ಮೋನಮ್ಮ, ಚರ್ಚಿಗೆ ಮಾರ್ತಮ್ಮ. ತಿಂಥಣಿಯ ಮೋನಪ್ಪನಿಗೆ ಹರಕೆ ಹೊತ್ತು ಹುಟ್ಟಿದವಳೆಂದು ಅಜ್ಜಿ ಇಟ್ಟದ್ದು ಮೊದಲ ಹೆಸರು. ಕೇರಿಯ ಹತ್ತಾರು ಮನೆಗಳ ಜೊತೆ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡಾಗ ಪಾದ್ರಿ ಇಟ್ಟದ್ದು ಎರಡನೆಯದು. ಎರಡರಲ್ಲಿ ಯಾವುದನ್ನೂ ಅವಳು ಬಿಡಲಿಲ್ಲ. ಕಾಲುವೆಗೆ ಮೊದಲ ನೀರು ಬಿಟ್ಟ ವರ್ಷ ಈಶಪ್ಪನ ಹೆಂಡತಿಯಾಗಿ ಜಾಲಿಮಡ್ಡಿಗೆ ಬಂದಳು. ಈಶಪ್ಪ ಕಲ್ಲಿನ ಕೆಲಸದ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಹೋದ. ಮಕ್ಕಳಾಗಲಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ, ಉಳಿದ ದಿನ ಚರ್ಚಿನ ಕಸಕ್ಕೆ. ಅವಳ ಆಸೆ ಒಂದೇ ಇತ್ತು. ಊರೂರು ತಿರುಗಿ ಸುವಾರ್ತೆ ಹೇಳುವ ಹೆಂಗಸರು ಬಿಳಿ ಸೀರೆಯುಟ್ಟು, ಕೈಚೀಲ ಹಿಡಿದು ಯಾದಗಿರಿಯ ಬಸ್ಸಿನಿಂದ ಇಳಿಯುವುದನ್ನು ಅವಳು ಸಣ್ಣಾಕೆಯಿದ್ದಾಗ ನೋಡಿದ್ದಳು. ಅಂಥವಳಾಗಬೇಕು.

ಒಂದು ದಿನ ಪಾದ್ರಿಯ ಮುಂದೆ ನಿಂತಳು.

"ಓದಾಕ ಬರ್ತದೇನು ನಿನಗ?"

"ಇಲ್ರಿ ಅಯ್ನೋರ."

"ಮತ್ತ ಮಂದಿಗಿ ಏನು ಹೇಳ್ತಿ?"

"ಹೇಳಾದು ಬಿಟ್ಟು ಬ್ಯಾರೆ ಕೆಲಸ ಏನೂ ಇಲ್ಲೇನ್ರಿ ಸ್ವಾಮಿದು?"

ಪಾದ್ರಿ ನಕ್ಕರು. ಕೆಟ್ಟವರಲ್ಲ, ಅಂಜುಬುರುಕರು. "ಅದ ಯವ್ವ, ಯಾಕಿಲ್ಲ. ದೇವರ ಮನಿ ಕಸ ಹೊಡಿ. ಅದೂ ಸೇವಾನ."

ಸರಿ, ಕಸ ಹೊಡೆದಳು. ಹಾಗೆ ಹೊಡೆಯುತ್ತಿದ್ದಾಗಲೇ ಒಂದು ಬೇಸಿಗೆ ಜಾಳಿಗೆಗೆ ಒಬ್ಬ ಗಂಡಸಿನ ಹೆಣ ಬಂದು ಸಿಕ್ಕಿತು. ದಂಡೆಯ ಮೇಲೆ ನಾಯಿಗಳು ಸೇರಿದವು. ಊರು ಬಾಗಿಲು ಹಾಕಿಕೊಂಡಿತು. ನೀರಿಗೆ ಹೋದ ಮೋನಮ್ಮ ಕೊಡ ಕೆಳಗಿಟ್ಟು ನಾಯಿ ಓಡಿಸುತ್ತ ನಿಂತಳು. ಯಾರಾದರೂ ಬಂದಾರು ಅಂತ ಸಂಜೆ ತನಕ ಕಾದಳು. ಯಾರೂ ಬರಲಿಲ್ಲ. ಆಮೇಲೆ ತಾನೇ ಇಳಿದಳು. ಸೆರಗನ್ನು ಹೆಣದ ಕಂಕುಳಡಿ ತೂರಿಸಿ ಎಳೆದು, ದಂಡೆಯ ಮೆಟ್ಟಿಲ ಮೇಲೆ ಹೊರಳಿಸಿ, ಮುಖದ ರಾಡಿ ಒರೆಸಿದಳು. ಹೆದರಿಕೆಗೆ ಬಾಯಿಗೆ ಯಾವ ಪ್ರಾರ್ಥನೆಯೂ ಬರಲಿಲ್ಲ. ಬಂದದ್ದು ದೂರದಿಂದ ಮನೆ ಮುಟ್ಟಿದವರಿಗೆ ಆಡುವ ಮಾತು: "ಬಾರಪ್ಪಾ, ಮುಟ್ಟಿದಿ ಬಾ."

ಅದೇ ಅವಳ ರೂಢಿಯಾಯಿತು. ಹೆಣ ಬಂದರೆ ಎಳೆಯುವುದು, ಮುಖ ಮೇಲೆ ಮಾಡುವುದು, ಮುಟ್ಟಿದಿ ಬಾ ಅನ್ನುವುದು, ಹಳೆಯ ಸೀರೆ ಹೊದಿಸಿ ಪೊಲೀಸರು ಬರುವ ತನಕ ಪಕ್ಕದಲ್ಲಿ ಕೂಡುವುದು. ಠಾಣೆಗೆ ಸುದ್ದಿ ಒಯ್ಯುವವನು, ಹೆಣವನ್ನು ಸುರಪುರದ ದವಾಖಾನೆಗೆ ಸಾಗಿಸುವವನು ಸರದಾರಸಾಬ. ಅವನದೊಂದು ಮೂರು ಗಾಲಿಯ ಹಳೆಯ ಟಂಟಂ ಗಾಡಿ, ಅದಕ್ಕಿಂತ ಹಳೆಯ ಬಾಯಿ. ವಾರಸುದಾರರು ಬಂದರೆ ಒಯ್ಯುತ್ತಿದ್ದರು. ಬಾರದವರನ್ನು ಪಂಚಾಯಿತಿಯ ಹೆಸರಿನಲ್ಲಿ ಮೋನಮ್ಮನೇ ಮರಳಿ ತಂದು, ಮೈ ತೊಳೆದು, ಕಾಲುವೆಯ ಪಕ್ಕದ ಸರಕಾರಿ ಬಂಜರಿನಲ್ಲಿ ಮಣ್ಣು ಕೊಡುತ್ತಿದ್ದಳು.

"ಯಕ್ಕಾ, ನಿನ್ನ ಸಲುವಾಗಿ ನನ್ನ ಗಾಡಿ ಯಾರೂ ಹತ್ತವಲ್ರು," ಅನ್ನುತ್ತಿದ್ದ ಸರದಾರಸಾಬ. "ಹೆಣದ ಟಂಟಂ ಬಂತು ಅಂತಾರ ಹುಣಸಗಿ ಸ್ಟ್ಯಾಂಡಿನಾಗ."

"ಛಲೋ ಆತಲ್ಲೋ. ಹೆಣ ಆದ್ರ ನಿನ್ನ ಕೂಡ ತಕರಾರು ಮಾಡಲ್ಲ."

"ತಕರಾರು ಮಾಡಲ್ಲ, ಬಾಡಗಿನೂ ಕೊಡಲ್ಲ."

ಪಾದ್ರಿಗೆ ಇದು ಸರಿಬರಲಿಲ್ಲ. ಹೆಣ ಮುಟ್ಟಿದ ಕೈಯಲ್ಲಿ ಚರ್ಚಿನ ಚಾಪೆ ಹಾಸುತ್ತಾಳೆಂದು ಸಭೆಯವರು ಗೊಣಗುತ್ತಿದ್ದರು. ಕೆಳಗಿನ ಜಾತಿ ಬಿಟ್ಟು ಮೇಲೆ ಬಂದೆವೆಂದುಕೊಂಡ ಮಂದಿ, ಮೈಲಿಗೆಯನ್ನು ಜೊತೆಗೇ ತಂದುಕೊಂಡಿದ್ದರು. ಪಾದ್ರಿ ಅವಳನ್ನು ಕರೆದು, ಸತ್ತವರನ್ನು ಸತ್ತವರೇ ಹೂಳಲಿ ಅಂತ ಸ್ವಾಮಿಯ ಮಾತಿದೆ ಎಂದರು.

"ಅವರೇನು ಎದ್ದು ಬರವಲ್ರಲ್ರಿ ಅಯ್ನೋರ," ಅಂದಳು ಮೋನಮ್ಮ. "ಬಂದ್ರ ಗುದ್ದಲಿ ಅವರ ಕೈಯಾಗ ಕೊಡ್ತೀನಿ."

"ಅಲ್ಲ ಯವ್ವ, ಎಲ್ಲಾ ದೇಶಕ್ಕ ಹೋಗ್ರಿ, ಸುವಾರ್ತಿ ಸಾರ್ರಿ ಅಂದಾನ ಸ್ವಾಮಿ. ಅದು ನಮ್ಮ ಕೆಲಸ. ಇದಲ್ಲ."

"ನನಗ ಶಹಾಪುರಕ್ಕ ಹೋಗಾಕ ಬಸ್ ಚಾರ್ಜಿಲ್ರಿ. ಎಲ್ಲಾ ದೇಶ ತಾನಾ ಬರಾಕತ್ತದ, ಕೆನಾಲ್ ಹಿಡದು. ಬಂದವರ ಮಾರಿ ನೋಡದಂಗ ಹ್ಯಾಂಗ ಕಳಸ್ಲಿ?"

ಆ ಭಾನುವಾರದಿಂದ ಚಾಪೆ ಹಾಸುವ ಕೆಲಸ ಬೇರೆಯವರದಾಯಿತು. ಹೊರಗಿನ ಅಂಗಳದ ಕಸ ಮಾತ್ರ ಅವಳಿಗೆ ಉಳಿಯಿತು.

ಹೀಗೆ ವರ್ಷಗಳು ಹೋದವು. ಕೊನೆಗೆ ಹಂಪಮ್ಮ ಬಂದಳು.

ಭತ್ತದ ನಾಟಿಯ ದಿನಗಳು. ಮುಂಜಾನೆ ಮೋನಮ್ಮ ಜಾಳಿಗೆಯ ಹತ್ತಿರ ಹೋದಾಗ ಹಸಿರು ಸೀರೆಯೊಂದು ಸರಳುಗಳಿಗೆ ಸುತ್ತಿಕೊಂಡಿತ್ತು. ಇಳಿದು ಎಳೆದಳು. ಎಳೆಯುವಾಗಲೇ ಬಲಗೈ ಕಂಡಿತು. ಕಿರುಬೆರಳು ಒಳಗೆ ಮಡಚಿದ್ದು, ಮಣಿಕಟ್ಟಿನ ಮೇಲೆ ಹಚ್ಚೆಯ ಬಳ್ಳಿ. ಮೋನಮ್ಮ ಅಲ್ಲೇ ನಿಂತುಬಿಟ್ಟಳು. ಆ ಕೈಯನ್ನು ಅವಳು ಕೆಳಗಿನಿಂದ ನೋಡಿದಷ್ಟು ಯಾರೂ ನೋಡಿರಲಿಲ್ಲ. ಕಾಲುವೆಯ ಮೇಲಿನ ಊರು ಎರೆಗುಂಡದ ಹಂಪಮ್ಮನ ಹೊಲದಲ್ಲಿ ಹತ್ತಿ ಬಿಡಿಸಿ ಬಾಯಾರಿದಾಗ, ಮೋನಮ್ಮ ಬೊಗಸೆ ಒಡ್ಡಿ ಬಗ್ಗುತ್ತಿದ್ದಳು. ಹಂಪಮ್ಮ ಚರಿಗೆಯನ್ನು ಮೇಲೆ ಎತ್ತಿ ಹಿಡಿದು, ತಾಗದ ಹಾಗೆ ನೀರು ಬಿಡುತ್ತಿದ್ದಳು. ಹಾಗೆ ಬಿಡುವಾಗ ಕಿರುಬೆರಳು ಚರಿಗೆಗೆ ಹತ್ತದೆ ಮಡಚಿಯೇ ಇರುತ್ತಿತ್ತು. ಉಳಿದ ಗೌಡತಿಯರು ನಾಲ್ಕು ಗುಟುಕಿಗೆ ಚರಿಗೆ ಇಳಿಸಿದರೆ, ಹಂಪಮ್ಮ ಸಾಕು ಅನ್ನುವ ತನಕ ಬಿಡುತ್ತಿದ್ದಳು. "ಕುಡಿಯವ್ವ, ಇನ್ನಾ ಕುಡಿ, ಕೆನಾಲ್ ಏನು ಬತ್ತೂದಿಲ್ಲ." ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಎರಡೂ ಖರೆ.

ಮೋನಮ್ಮ ಅವಳನ್ನು ಮೆಟ್ಟಿಲಿಗೆ ತಂದು ಹೊರಳಿಸಿದಳು. ಮುಖ ಊದಿತ್ತು, ಆದರೂ ಹಂಪಮ್ಮನೇ. ಕೊರಳಲ್ಲಿ ಲಿಂಗದ ವಸ್ತ್ರ ಗಂಟು ಬಿಚ್ಚದೆ ಉಳಿದಿತ್ತು. ಎಡ ಹೆಗಲ ಮೇಲೆ ಸೀರೆ ಹರಿದಿತ್ತು, ಕೊಕ್ಕೆ ತಾಗಿ ಎಳೆದ ಹಾಗೆ.

"ಮುಟ್ಟಿದಿ ಬಾ ಯವ್ವ," ಅಂದಳು ಮೋನಮ್ಮ. ಅಂದ ಮೇಲೆ ಅಳು ಬಂತು.

ಈ ಒಂದು ಸಲ ಹೆಣಕ್ಕೆ ಹೆಸರಿದೆ, ಮನೆಯಿದೆ, ಮಗನಿದ್ದಾನೆ. ಇವಳನ್ನು ಬೇವಾರಸು ಮಾಡಬಾರದು. ತನ್ನ ಹೆಸರು ಹೇಳಿಸಿಕೊಂಡು, ತನ್ನವರ ಪದ್ಧತಿಯಂತೆ ಮಣ್ಣಿಗೆ ಹೋಗಬೇಕು. ಮೋನಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. ದಂಡೆಯಲ್ಲಿ ಹೆಣ ಕಾಯಲು ಕೇರಿಯ ಮುದುಕಿಯೊಬ್ಬಳನ್ನು ಕೂಡಿಸಿ, ಸರದಾರಸಾಬನ ಗಾಡಿ ಹತ್ತಿ ಎರೆಗುಂಡಕ್ಕೆ ಹೋದಳು.

ಹಂಪಮ್ಮನ ಮಗ ಭಗವಂತರಾಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಪಕ್ಕದಲ್ಲಿ ಹೊಲದ ನೆರೆಯವ ಬಸವಂತ್ರಾಯ. ಮೋನಮ್ಮ ಅಂಗಳದಾಚೆ ನಿಂತಳು.

"ಗೌಡ್ರ, ಅವ್ವಾರು ಎಲ್ಲಿ ಅದಾರ್ರಿ?"

"ಕೊಡೇಕಲ್ಲಿಗಿ ಹೋಗ್ಯಾಳ. ಯಾಕ?"

ಹಂಪಮ್ಮನಿಗೆ ಆ ಚಟವಿತ್ತು. ಮನಸ್ಸಾದಾಗ ಬುತ್ತಿ ಕಟ್ಟಿಕೊಂಡು, ಯಾರಿಗೂ ಹೇಳದೆ, ಕಾಲುವೆಯ ದಂಡೆಗುಂಟ ಕೊಡೇಕಲ್ಲಿನ ಗುಡಿಯ ಹಾದಿ ಹಿಡಿಯುತ್ತಿದ್ದಳು. ನಾಲ್ಕಾರು ದಿನ ಇದ್ದು ಬರುತ್ತಿದ್ದಳು. ಅದಕ್ಕೇ ಯಾರೂ ಹುಡುಕಿರಲಿಲ್ಲ.

"ಹೋಗಿಲ್ರಿ ಗೌಡ್ರ. ನಮ್ಮ ಗೇಟಿಗಿ ಬಂದಾರ." ಮೋನಮ್ಮನ ದನಿ ಇಳಿಯಿತು. "ತೀರಿಕೊಂಡಾರ. ಹಸರು ಸೀರಿ ಉಟ್ಟಾರ, ಎಡ ಹೆಗಲ ಮ್ಯಾಲ ಹರದದ."

ಭಗವಂತರಾಯನ ಕೈಯ ಬಟ್ಟಲು ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಬಸವಂತ್ರಾಯ ತನ್ನ ಬಟ್ಟಲನ್ನು ಸಾವಕಾಶ ಕಲ್ಲಿನ ಮೇಲಿಟ್ಟ. ಗೋಡೆಗೆ ಕೊಕ್ಕೆಕೋಲು ಆನಿಸಿತ್ತು. ಇಬ್ಬರೂ ಅದರ ಕಡೆ ನೋಡಿದ್ದರಿಂದ ಮೋನಮ್ಮನೂ ನೋಡಿದಳು. ಕೊಕ್ಕೆಯಲ್ಲಿ ಹಸಿರು ದಾರದ ಎಳೆಗಳು ಸಿಕ್ಕು ಒಣಗಿದ್ದವು.

ಹಿಂದಿನ ದಿನ ಎರೆಗುಂಡದ ಗೇಟಿನಲ್ಲಿ ಭಗವಂತರಾಯನ ಪಾಳಿಯಿತ್ತು. ಹೆಣ ಬಂದು ತಗುಲಿದಾಗ ಬಸವಂತ್ರಾಯ ಗೇಟು ಎತ್ತಿದ, ಭಗವಂತರಾಯ ಕೊಕ್ಕೆ ಹಾಕಿ ದೂಡಿದ. ಪದ್ಧತಿಯಂತೆ ಮುಖ ನೋಡಲಿಲ್ಲ. ಹೆಂಗಸು ಅನಸ್ತದ ಅಂತ ಬಸವಂತ್ರಾಯ ಅಂದದ್ದಕ್ಕೆ, "ಯಾರರ ಇರ್ಲಿ, ನೀರು ನಿಂತದ ನೋಡು," ಅಂದಿದ್ದ. ತನ್ನನ್ನು ಹೆತ್ತವಳನ್ನು ತಾನೇ ಕಸದ ಕೋಲಿನಿಂದ ಮುಂದಿನ ಊರಿಗೆ ದೂಡಿದ್ದ. ಈಗ ಅದು ಅಲ್ಲಿದ್ದ ಮೂವರಿಗೂ ಗೊತ್ತಾಯಿತು.

ಮನುಷ್ಯ ಅಲ್ಲಿ ಕುಸಿಯಬಹುದಿತ್ತು. ಎದೆ ಬಡಿದುಕೊಂಡು ಓಡಬಹುದಿತ್ತು. ಮೋನಮ್ಮ ಅದಕ್ಕೇ ಕಾದಳು. ಕೈ ಹಿಡಿಯಲು ಬಾರದಿದ್ದರೂ ಗಾಡಿಯ ದಾರಿಯಾದರೂ ತೋರಿಸೋಣ ಅಂತ ಅರ್ಧ ತಿರುಗಿದಳು.

ಭಗವಂತರಾಯ ಬಟ್ಟಲು ಕೆಳಗಿಟ್ಟ. "ನಮ್ಮವ್ವ ಕೊಡೇಕಲ್ಲಿಗಿ ಹೋಗ್ಯಾಳ," ಅಂದ.

"ಗೌಡ್ರ, ಒಮ್ಮೆ ಬಂದು ಮಾರಿ ನೋಡ್ರಿ. ಆಮ್ಯಾಲ ಹೇಳ್ರಿ."

"ಹೋಗ್ಯಾಳ ಅಂತ ಹೇಳ್ಲಿಲ್ಲಾ ನಿನಗ? ಯಾವುದೋ ಬೇವಾರಸು ಹೆಣ ತಂದು ನಮ್ಮ ಮನಿತನಕ್ಕ ಗಂಟು ಹಾಕ್ತಿ ಏನು? ನಡಿ!"

ಬಸವಂತ್ರಾಯ ಎದ್ದು ಕೋಲನ್ನು ಒಳಗೆ ಒಯ್ದ.

ಮಧ್ಯಾಹ್ನ ಠಾಣೆಯ ಜಮಾದಾರ ಬಂದರು. ಸೀರೆ ಸರಿಸಿ ನೋಡಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಎರೆಗುಂಡದ ಹಂಪಮ್ಮ ಅವ್ವಾರು ಅದಾರ್ರಿ ಇವರು," ಅಂದಳು ಮೋನಮ್ಮ.

"ಅವರ ಮಗನ್ನ ಕೇಳಿ ಬಂದೀನಿ. ತಮ್ಮಾಕಿ ಅಲ್ಲಂತ. ನೀ ಯಾರು ಗುರ್ತು ಹಿಡಿಯಾಕಿ? ಏನಾಗಬೇಕು ಆಕಿ ನಿನಗ?"

"ಏನೂ ಆಗಬೇಕಿಲ್ರಿ. ನನಗ ನೀರು ಹಾಕ್ಯಾರ."

"ನೀರು ಹಾಕಿದವರೆಲ್ಲ ಬೀಗರಾದ್ರ ನಾನೂ ಊರ ತುಂಬ ಬೀಗ ಆಗ್ತಿದ್ದೆ," ಅಂದರು ಜಮಾದಾರ. ಜೊತೆಗೆ ಬಂದ ಪೊಲೀಸ ನಕ್ಕ. ಗುರುತು ಹತ್ತದ ಹೆಂಗಸು ಅಂತ ಕಾಗದದಲ್ಲಿ ಬಿತ್ತು.

ಸುರಪುರದ ದವಾಖಾನೆಯಿಂದ ಹೆಣ ಹೊಲಿಸಿಕೊಂಡು ಮರಳಿ ಸಿಗುವ ತನಕ ಮೋನಮ್ಮ ಅಲ್ಲೇ ಹೊರಗಿನ ಬೇವಿನ ಮರದಡಿ ಕೂತಳು. ಭಗವಂತರಾಯ ಮನಸ್ಸು ಬದಲಿಸಿ ಬಂದಾನು ಅಂತ ಪ್ರತಿ ಗಾಡಿಯ ಸದ್ದಿಗೂ ಎದ್ದಳು. ಬರಲಿಲ್ಲ. ಕೊನೆಗೆ ಶವಾಗಾರದ ಜವಾನ ಬಂದು ಕಾಗದದ ಪೊಟ್ಟಣವೊಂದನ್ನು ಚಾಚಿದ. ಒಳಗೆ ಹಂಪಮ್ಮನ ಲಿಂಗ.

ಮೋನಮ್ಮ ಕೈ ಹಿಂದೆಳೆದುಕೊಂಡಳು. ಅದರ ಮೇಲೆ ತನ್ನ ನೆರಳೂ ಬೀಳಬಾರದೆಂದು ಕೇಳುತ್ತ ಬೆಳೆದವಳು ಅವಳು.

"ತಗೋ ಯಕ್ಕಾ," ಅಂದ ಸರದಾರಸಾಬ. "ನಾನು ಮುಟ್ಟಿದ್ರ ಇನ್ನಾ ಹೆಚ್ಚು ಗದ್ದಲ."

ಸೆರಗು ಹರವಿ ಅದರಲ್ಲಿ ಹಾಕಿಸಿಕೊಂಡಳು. ಆಮೇಲೆ ಸೀದಾ ಎರೆಗುಂಡದ ಸ್ವಾಮಿ ಚನ್ನಯ್ಯನ ಮನೆಗೆ ಗಾಡಿ ಹೊಡೆಸಿದಳು. ಹಂಪಮ್ಮನ ಮನೆತನದ ಹುಟ್ಟು ಸಾವು ಮಾಡಿಸುವ ಅಯ್ಯ ಅವನು. ಆ ಮನೆಯ ಜೋಳದ ರೊಟ್ಟಿ ಎಷ್ಟು ವರ್ಷ ಉಂಡವನೋ. ಬಾಗಿಲಲ್ಲಿ ನಿಂತವಳನ್ನು ಕಂಡದ್ದೇ ಅವನಿಗೆ ಎಲ್ಲ ತಿಳಿಯಿತು. ಊರಿಗೆ ಊರೇ ತಿಳಿದುಕೊಂಡಿತ್ತು.

"ಅಯ್ಯಾರ, ನಮ್ಮಂಗ ಮಲಗಿಸಿ ಮಣ್ಣು ಕೊಡಬಾರ್ದು ಅವರಿಗಿ. ನಿಮ್ಮ ಮಂದಿ ಕುಂದರಿಸ್ತೀರಿ. ಹ್ಯಾಂಗ ಅಂತ ಬಾಯಿಲೆ ಆದ್ರೂ ಹೇಳ್ರಿ."

ಚನ್ನಯ್ಯ ಬರುವುದಿಲ್ಲ ಅನ್ನಲಿಲ್ಲ, ಬರುತ್ತೇನೆ ಅನ್ನಲಿಲ್ಲ.

ಮೋನಮ್ಮನೂ ಸರದಾರಸಾಬನೂ ಬಂಜರಿನಲ್ಲಿ ತಗ್ಗು ತೋಡಿದರು. ಕೂಡಿಸುವ ತಗ್ಗು ಆಳ ಬೇಕು. ಮೊಣಕಾಲುದ್ದ ಎರೆಮಣ್ಣು, ಅದರ ಕೆಳಗೆ ಗಟ್ಟಿ ಗರಸು. ಸರದಾರಸಾಬ ಬೈದ, ಉಗುಳಿದ, ತೋಡಿದ. ಮೋನಮ್ಮ ಪರದೆ ಕಟ್ಟಿ, ಕಾಲುವೆಯ ನೀರು ತಂದು ಹಂಪಮ್ಮನ ಮೈ ತೊಳೆದಳು. ಚರಿಗೆ ಎತ್ತಿ ಹಿಡಿದು ಸುರಿಯಲಿಲ್ಲ. ಅಂಗೈಯಿಂದ ಹಣೆ, ಕಪಾಳ, ಮಡಚಿದ ಕಿರುಬೆರಳು, ಒಂದೊಂದೇ ಉಜ್ಜಿ ತೊಳೆದಳು.

ಅಷ್ಟರಲ್ಲಿ ದಂಡೆಯ ಮೇಲೆ ಕೊಡೆ ಕಂಡಿತು. ಚನ್ನಯ್ಯ ಬಂದಿದ್ದ. ಕೆಳಗಿಳಿಯಲಿಲ್ಲ. ಅಲ್ಲಿಂದಲೇ ಹೇಳಿದ: ಹೀಗೆ ಕೂಡಿಸು, ಕಾಲು ಹೀಗೆ ಮಡಚು, ಲಿಂಗ ಎಡಗೈಯಲ್ಲಿಡು. ಆಮೇಲೆ ವಿಭೂತಿಯ ಗಟ್ಟಿ ತೆಗೆದ. ಮೋನಮ್ಮ ಏರಿ ಹೋಗಿ ಬೊಗಸೆ ಒಡ್ಡಿದಳು. ತಾಗದ ಹಾಗೆ, ಮೇಲಿನಿಂದ ಬಿಟ್ಟ.

"ಹೆಸರು?" ಅಂತ ಕೇಳಿದ, ರೂಢಿಯ ಬಾಯಲ್ಲಿ.

"ಹಂಪಮ್ಮ."

ಚನ್ನಯ್ಯ ಸುತ್ತ ನೋಡಿದ. "ನೀ ಹೇಳಿಲ್ಲ, ನಾ ಕೇಳಿಲ್ಲ," ಅಂದು ತಿರುಗಿ ನಡೆದ. ನಡೆಯುತ್ತ ಏನೋ ಮಂತ್ರ ಅಂದುಕೊಂಡ. ಅದೂ ಅರ್ಧ ದಾರಿಯ ತನಕ ಕೇಳಿಸಿತು, ಆಮೇಲೆ ಇಲ್ಲ.

ಮಣ್ಣು ಮುಚ್ಚಿದ ಮೇಲೆ ಸರದಾರಸಾಬ ಗುದ್ದಲಿಯ ಮೇಲೆ ಗದ್ದ ಊರಿ ಕೇಳಿದ: "ಯಕ್ಕಾ, ನಿಮ್ಮ ದೇವರ ಪ್ರಾರ್ಥನಿ ಮಾಡ್ಲೇ ಇಲ್ಲಲ್ಲ?"

"ಇಷ್ಟೊತ್ತನ ತಗ್ಗು ಅಗದದ್ದು ಏನು ಮತ್ತ?" ಅಂದಳು ಮೋನಮ್ಮ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಜರೂರಿರಲಿಲ್ಲ. ಕಥೆ ಕೇಳಿ ನೀವು ಕಣ್ಣೊರೆಸಿಕೊಂಡು ಉಣ್ಣಲು ಏಳುತ್ತಿದ್ದಿರಿ.

ಹದಿನೈದು ದಿನ ಕಳೆದ ಮೇಲೆ ಭಗವಂತರಾಯನ ಮನೆಯ ಮುಂದೆ ಹಂದರ ಹಾಕಿದರು. ಕೊಡೇಕಲ್ಲಿಗೆ ಹೋದ ತಾಯಿ ದೇವರಲ್ಲೇ ಐಕ್ಯಳಾದಳು, ಎಂಥ ಪುಣ್ಯವಂತೆ, ದೇಹವೂ ಸಿಗಲಿಲ್ಲ ಅಂತ ಸುದ್ದಿ ಹಬ್ಬಿಸಿದರು. ಹುಗ್ಗಿ ಮಾಡಿ ಊರಿಗೆಲ್ಲ ಉಣಬಡಿಸಿದರು. ಗೋಡೆಗೆ ಕಟ್ಟು ಹಾಕಿಸಿದ ಫೋಟೋ, ಅದಕ್ಕೆ ಹೂವಿನ ಸರ. ಚನ್ನಯ್ಯನೂ ಉಂಡ, ಬಸವಂತ್ರಾಯನೂ ಉಂಡ. ಉಂಡವರೆಲ್ಲರಿಗೂ ಆ ಪುಣ್ಯವಂತೆ ಎಲ್ಲಿ ಕೂತಿದ್ದಾಳೆಂಬುದು ಗೊತ್ತಿತ್ತು. ಹುಗ್ಗಿಯ ತುತ್ತು ಗಂಟಲಲ್ಲಿ ಯಾರಿಗೂ ಸಿಕ್ಕಲಿಲ್ಲ.

ಸಿಕ್ಕಿದ್ದು ಮೋನಮ್ಮ. ಅವಳು ಬದುಕಿ ಓಡಾಡುತ್ತಿದ್ದಳು, ಯಾರು ಕೇಳಿದರೂ ಹಂಪಮ್ಮ ಅಂತ ಹೇಳುತ್ತಿದ್ದಳು. ಅವಳನ್ನು ಸುಳ್ಳಿಯೆಂದು ಮಾಡಲು ಆಗದಿದ್ದಾಗ ಬೇರೆ ದಾರಿ ಹುಡುಕಿದರು. ಮೋನಮ್ಮ ಹೆಣಗಳನ್ನು ಕ್ರಿಸ್ತಾನ ಮಾಡುತ್ತಾಳಂತೆ! ನೀರಿನಲ್ಲಿ ಮುಳುಗಿದವರೆಲ್ಲ ಅವಳ ಲೆಕ್ಕಕ್ಕೆ ದೀಕ್ಷಾಸ್ನಾನವಾದವರಂತೆ! ನಗಬೇಡಿ. ಇದನ್ನು ಮೀಸೆ ಬಂದ ಗಂಡಸರು ಜಾಲಿಮಡ್ಡಿಯ ಪಂಚಾಯಿತಿ ಕಟ್ಟೆಯ ಮೇಲೆ ನಿಂತು, ಎರಡೂರಿನ ಮಂದಿ ಸೇರಿಸಿ ಹೇಳಿದರು. ಮುಂದಾಳು ಬಸವಂತ್ರಾಯ. ಭಗವಂತರಾಯ ಹಿಂದೆ ಕಂಬಕ್ಕೆ ಆನಿಕೊಂಡು ನಿಂತಿದ್ದ.

"ಎಷ್ಟು ಮಂದಿನ್ನ ನಿಮ್ಮ ಮತಕ್ಕ ಸೇರಿಸಿದಿ, ಬೊಗಳು," ಅಂದ ಬಸವಂತ್ರಾಯ.

"ಸತ್ತವರು ಯಾವ ಮತಕ್ಕ ಬಂದಾರಪ್ಪ? ಬದುಕಿದ್ದವರೇ ನಮ್ಮ ಗುಡಿಗಿ ಬರವಲ್ರು," ಅಂದಳು ಮೋನಮ್ಮ. ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು, ಗಂಡ ಕಣ್ಣು ಬಿಟ್ಟ.

"ಮೊನ್ನೆ ಹೂಳಿದ್ದು ಯಾರ್ನ? ಬೇವಾರಸು ಅಂತ ಎಲ್ಲರ ಮುಂದ ಒಪ್ಪಿಕೋ. ಹೆಸರು ಹೇಳಾದು ಬಿಡು. ಇಲ್ಲಿಗಿ ಮುಗಸೋಣು."

ಅವಳು ಒಪ್ಪಿದ್ದರೆ ನಿಜಕ್ಕೂ ಮುಗಿಯುತ್ತಿತ್ತು. ಪಾದ್ರಿಯೂ ಸಭೆಯ ಅಂಚಿನಲ್ಲಿ ನಿಂತಿದ್ದರು. ಒಪ್ಪಿಕೋ ಅಂತ ಕಣ್ಣಿನಲ್ಲೇ ಬೇಡಿಕೊಂಡರು. ಮೋನಮ್ಮ ಬಸವಂತ್ರಾಯನನ್ನು ನೋಡಲಿಲ್ಲ, ಕಂಬದ ಹತ್ತಿರ ನೋಡಿದಳು.

"ಹಂಪಮ್ಮ ಅವ್ವಾರನ್ನ ಕುಂದರಿಸಿ ಮಣ್ಣು ಕೊಟ್ಟೀನ್ರಿ ಗೌಡ್ರ. ಲಿಂಗ ಕೈಯಾಗ ಇಟ್ಟೀನಿ. ಯಾವಾಗ ಬಂದ್ರೂ ಜಾಗಾ ತೋರಿಸ್ತೀನಿ."

ಭಗವಂತರಾಯನ ತುಟಿಯವರೆಗೆ ಒಂದು ಮಾತು ಬಂತು, ಅವಳು ಕಂಡಳು. ಆದರೆ ಎರಡೂರು ನೋಡುತ್ತಿತ್ತು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಡೆದುಬಿಟ್ಟ. ಆ ಹೆಣವನ್ನು ದೂಡಿದವರು ಯಾರೆಂದು ಆ ಕಟ್ಟೆಯ ಮೇಲೆ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಮೋನಮ್ಮ ಹೇಳುತ್ತಿದ್ದಳು.

ಅವತ್ತು ಠರಾವಾಯಿತು: ಮೋನಮ್ಮ ಇನ್ನು ಹೆಣ ಮುಟ್ಟಕೂಡದು, ಬಂಜರಿನಲ್ಲಿ ಮಣ್ಣು ಅಗೆಯಕೂಡದು. ಪಾದ್ರಿ ಅಂಗಳದ ಕಸವನ್ನೂ ಬೇರೆಯವರಿಗೆ ಕೊಟ್ಟರು. ಸಭೆಗೆ ತೊಂದರೆ ಬರಬಾರದು, ಸ್ವಲ್ಪ ದಿನ ಅಷ್ಟೇ, ಅಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಉಳಿದದ್ದು ಜಾಳಿಗೆ. ಹೆಣ ಬಂದು ನಿಲ್ಲುವ ಜಾಗ ಇರುವ ತನಕ ಈ ಮುದುಕಿ ಬಿಡುವುದಿಲ್ಲ ಅನ್ನುವುದು ಊರಿಗೆ ತಿಳಿಯಿತು. ಕಸ ಸಿಕ್ಕು ನೀರು ಹಿಂದಕ್ಕೆ ಒತ್ತುತ್ತದೆ ಅಂತ ನೆವ ಮಾಡಿ, ಹಾಡುಹಗಲೇ ನಾಲ್ಕು ಸರಳು ಕೊಯ್ದು ತೆಗೆದರು. ಮನುಷ್ಯ ತೂರುವಷ್ಟು ಸಂದು. ಈಗ ಜಾಲಿಮಡ್ಡಿಯೂ ಉಳಿದ ಊರುಗಳಂತೆ ಮರ್ಯಾದಸ್ತ ಊರು. ಅದಕ್ಕೂ ದೂಡಲು ಮುಂದೊಂದು ಸಿಕ್ಕಿದೆ. ಹಳ್ಳ, ಹಳ್ಳದಾಚೆ ಹೊಳೆ, ಹೊಳೆಯಲ್ಲಿ ಮೀನು.

ಮೋನಮ್ಮ ಈಗಲೂ ಮೆಟ್ಟಿಲ ಮೇಲೆ ಹಳೆಯ ಸೀರೆ ಮಡಚಿಟ್ಟುಕೊಂಡು ಕೂಡುತ್ತಾಳೆ. ಸುಗ್ಗಿ ಮುಗಿದ ಒಂದು ಮಧ್ಯಾಹ್ನ ಚೌಕಳಿ ಅಂಗಿಯ ಬೆನ್ನೊಂದು ನೀರಿನಲ್ಲಿ ಬಂತು. ಅವಳು ಠರಾವು ಮರೆತು ಇಳಿದಳು. ಸೀರೆಯ ತುದಿ ಎಸೆದಳು, ಅಂಗಿಯ ಚುಂಗು ಕೈಗೆ ಬಂತು. ಪಾಚಿಯ ಮೇಲೆ ಕಾಲು ಜಾರಿತು, ಅಂಗಿ ಕೈಬಿಟ್ಟಿತು. ಬೆನ್ನು ಸಂದಿನಲ್ಲಿ ಒಮ್ಮೆ ತಿರುಗಿ ಹಳ್ಳಕ್ಕೆ ಬಿತ್ತು. ಗಾಡಿ ನಿಲ್ಲಿಸಿ ಓಡಿಬಂದ ಸರದಾರಸಾಬ ಅವಳನ್ನು ಮಾತ್ರ ಮೇಲೆಳೆದ. ಮೊಣಕೈ ಸುಲಿದಿತ್ತು. ಅವಳು ಹಳ್ಳದ ಕಡೆಯೇ ನೋಡುತ್ತಿದ್ದಳು.

"ಮಾರಿ ಕಾಣ್ಲಿಲ್ಲೋ ಸರದಾರ."

"ಬಿಡು ಯಕ್ಕಾ. ಯಾರಿದ್ದನೋ ಏನೋ."

"ಯಾರೋ ಇದ್ದನಲ್ಲೋ. ಅದಕ್ಕ ಅಂತೀನಿ."

ಅವನಾರೆಂದು ಈಗ ಯಾರಿಗೂ ತಿಳಿಯುವುದಿಲ್ಲ. ಎಲ್ಲಿಯೋ ಒಬ್ಬಳು ತಾಯಿ ಮಗ ಪುಣೆಗೆ ದುಡಿಯಲು ಹೋಗಿದ್ದಾನೆಂದು ನಂಬಿಕೊಂಡಿರಬಹುದು. ಅವನು ಎಷ್ಟು ಗೇಟು ದಾಟಿ ಬಂದನೋ, ಅಷ್ಟು ಗೇಟಿನಲ್ಲೂ ಕೋಲು ಹಿಡಿದ ಕೈಗಳಿದ್ದವು. ಅದರಲ್ಲಿ ಒಂದು ನಿಮ್ಮದೋ, ನಿಮ್ಮ ಅಣ್ಣನದೋ, ನಿಮ್ಮ ಬೀಗರದೋ. ಬಲ್ಲೆವೆಂದು ತಲೆ ತಗ್ಗಿಸಬೇಡಿ, ಅದರಿಂದ ಯಾರಿಗೂ ಏನೂ ಆಗಬೇಕಿಲ್ಲ. ಮುಂದಿನ ಪಾಳಿಯಲ್ಲಿ ನಿಮ್ಮ ಗೇಟಿಗೆ ಒಂದು ಬೆನ್ನು ಬಂದು ತಗುಲುತ್ತದೆ. ನೀರು ನಿಲ್ಲುತ್ತದೆ, ಭತ್ತ ಒಣಗುತ್ತದೆ, ಪಕ್ಕದವ ಕೋಲು ತರುತ್ತಾನೆ. ಆವತ್ತು ಆ ಕೋಲು ಕಸಿದು ಕೆಳಗೆ ಹಾಕಿ. ಆ ಮನುಷ್ಯನನ್ನು ದಂಡೆಗೆ ಎಳೆದು ಹೊರಳಿಸಿ, ಮುಖದ ರಾಡಿ ಒರೆಸಿ, ಕಣ್ಣು ತೆರೆದು ನೋಡಿ. ಗುರುತು ಸಿಕ್ಕರೆ, ಎರಡೂರು ಕೇಳುವ ಹಾಗೆ ಹೆಸರು ಹೇಳಿ.